ಕ್ವಾರ್ಟರ್‌ಬ್ಯಾಕ್‌ನನ್ನು ಮೊದಲೇ ಆರಿಸಬೇಕೇ, ಸರದಿಯನ್ನು ಬಿಟ್ಟುಕೊಟ್ಟು ಹಿಂದೆ ಸರಿಯಬೇಕೇ?

ಪ್ರಶ್ನೆ: ನಾವು ಉತ್ತರ ಕ್ಯಾರೊಲಿನಾದ ಷಾರ್ಲೆಟ್ ನಗರದಲ್ಲಿ ನೆಲೆಸಿದ್ದೇವೆ. ಮಕ್ಕಳ ಜೊತೆ ಕುಳಿತು ಪ್ಯಾಂಥರ್ಸ್ ತಂಡದ ಆಟ ನೋಡುತ್ತಾ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಆಸಕ್ತಿ ಬೆಳೆಯಿತು. 2023ರಲ್ಲಿ ನಮ್ಮ ತಂಡ ಬಹಳಷ್ಟನ್ನು ಕೊಟ್ಟು ಡ್ರಾಫ್ಟ್‌ನ ಮೊದಲ ಸರದಿಯನ್ನು ಕೊಂಡು, ತಂಡದ ದಾಳಿಯನ್ನು ಮುನ್ನಡೆಸಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿತು. ಆ ವರ್ಷ ಗೆದ್ದದ್ದು ಎರಡೇ ಪಂದ್ಯ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇಲ್ಲದ ತಂಡ ಮೊದಲ ಸರದಿಗಳಲ್ಲೇ ಒಬ್ಬನನ್ನು ಆರಿಸುವುದು ಸರಿಯೇ, ಅಥವಾ ಸರದಿಯನ್ನು ಬೇರೆಯವರಿಗೆ ಕೊಟ್ಟು ಹೆಚ್ಚು ಆಟಗಾರರನ್ನು ಪಡೆಯುವುದು ಸರಿಯೇ? ಆರಿಸಿದವನು ಸರಿಯಿಲ್ಲ ಎಂದು ತೀರ್ಮಾನಿಸಲು ಎಷ್ಟು ಕಾಲ ಕಾಯಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ದಾರಿಗಳಿವೆ, ಆದರೆ ತಂಡದ ಮುಂದೆ ನಿಜವಾಗಿ ಇರುವುದು ಮೂರು. ತನ್ನ ಪಾಲಿಗೆ ಬಂದ ಸರದಿಯಲ್ಲೇ ನಿಂತು ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸುವುದು ಒಂದು. ಮುಂದಿನ ವರ್ಷಗಳ ಸರದಿಗಳನ್ನು ತೆತ್ತು ಮೇಲಕ್ಕೆ ಏರಿ ಆರಿಸುವುದು ಇನ್ನೊಂದು. ಸರದಿಯನ್ನು ಬಿಟ್ಟುಕೊಟ್ಟು ಹಿಂದೆ ಸರಿಯುವುದು ಮೂರನೆಯದು. ಮೊದಲ ಎರಡನ್ನೂ 'ಮೊದಲೇ ಆರಿಸುವುದು' ಎಂದು ಒಂದೇ ತಕ್ಕಡಿಗೆ ಹಾಕುವುದರಿಂದಲೇ ಈ ಚರ್ಚೆ ಬಹುತೇಕ ದಾರಿ ತಪ್ಪುತ್ತದೆ. ನಿಮ್ಮ ಪ್ಯಾಂಥರ್ಸ್ ತಂಡಕ್ಕೆ ಪೆಟ್ಟು ಬಿದ್ದದ್ದು ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿದ್ದರಿಂದ ಎನ್ನುವುದಕ್ಕಿಂತ, ಆರಿಸಲು ತೆತ್ತ ಬೆಲೆಯಿಂದ ಎನ್ನುವುದು ಹೆಚ್ಚು ಸರಿ. ಅದಕ್ಕೆ ಮುಂದೆ ಬರುತ್ತೇನೆ.

ಈ ಆಟವನ್ನು ಹೊಸದಾಗಿ ನೋಡುತ್ತಿರುವ ಓದುಗರಿಗಾಗಿ ಒಂದು ಮಾತು. ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಡ್ರಾಫ್ಟ್ ನಮಗೆ ಪರಿಚಿತವಾದ ಐಪಿಎಲ್ ಹರಾಜಿನಂತಲ್ಲ. ಹರಾಜಿನಲ್ಲಿ ಹಣವಿದ್ದವರು ಯಾರು ಬೇಕಾದರೂ ಕೂಗಬಹುದು. ಇಲ್ಲಿ 32 ತಂಡಗಳು ಏಳು ಸುತ್ತುಗಳಲ್ಲಿ ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುತ್ತವೆ. ಹಿಂದಿನ ವರ್ಷ ಅತ್ಯಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ ತಂಡಕ್ಕೆ ಸುತ್ತಿನ ಕೊನೆಯದು. ಆದರೆ ಸರದಿಯನ್ನು ಮಾರಬಹುದು, ಕೊಳ್ಳಬಹುದು, ಮುಂದಿನ ವರ್ಷಗಳ ಸರದಿಗಳನ್ನೂ ಸೇರಿಸಿ ವಿನಿಮಯ ಮಾಡಿಕೊಳ್ಳಬಹುದು. ಆರಿಸಿದ ಆಟಗಾರನ ಸಂಬಳ ಅವನ ಸರದಿಗೆ ತಕ್ಕಂತೆ ಹೆಚ್ಚುಕಡಿಮೆ ಮೊದಲೇ ನಿಗದಿಯಾಗಿರುತ್ತದೆ.

ಈ ಸಂಬಳದ ಸಂಗತಿಯೇ ಎಲ್ಲದರ ಬೇರು. 2010ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಬ್ರಾಡ್‌ಫರ್ಡ್ ಅವರಿಗೆ ಸೇಂಟ್ ಲೂಯಿಸ್ ರ್‍ಯಾಮ್ಸ್ ತಂಡ ಒಂದೂ ಪಂದ್ಯ ಆಡುವ ಮೊದಲೇ 5 ಕೋಟಿ ಡಾಲರ್‌ಗಳ ಖಾತರಿ ಕೊಟ್ಟಿತ್ತು. 2011ರಲ್ಲಿ ತಂಡಗಳ ಮಾಲೀಕರು ಮತ್ತು ಆಟಗಾರರ ಸಂಘದ ನಡುವೆ ಹೊಸ ಒಪ್ಪಂದವಾಗಿ, ಹೊಸಬರ ಸಂಬಳಕ್ಕೆ ಕಟ್ಟುನಿಟ್ಟಾದ ಮಿತಿ ಬಂತು. ಆ ವರ್ಷ ಮೊದಲನೆಯವರಾಗಿ ಆಯ್ಕೆಯಾದ ಕ್ಯಾಮ್ ನ್ಯೂಟನ್ ಅವರಿಗೆ, ಅಂದರೆ ನಿಮ್ಮ ಪ್ಯಾಂಥರ್ಸ್ ತಂಡದವರಿಗೇ, ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ ಡಾಲರ್. 2024ರ ಮೊದಲ ಆಯ್ಕೆ ಕೇಲೆಬ್ ವಿಲಿಯಮ್ಸ್ ಅವರ ನಾಲ್ಕು ವರ್ಷದ ಒಪ್ಪಂದ ಸುಮಾರು 3.95 ಕೋಟಿ ಡಾಲರ್. ಅದೇ ವರ್ಷ ಡಲ್ಲಾಸ್ ಕೌಬಾಯ್ಸ್ ತಂಡದ ಡ್ಯಾಕ್ ಪ್ರೆಸ್ಕಾಟ್ ಒಪ್ಪಿಕೊಂಡದ್ದು ವರ್ಷಕ್ಕೆ ಸರಾಸರಿ 6 ಕೋಟಿ. ಒಂದು ತಂಡ ತನ್ನ ಎಲ್ಲ ಆಟಗಾರರ ಮೇಲೆ ಖರ್ಚು ಮಾಡಬಹುದಾದ ಮಿತಿ 2024ರಲ್ಲಿ 25.54 ಕೋಟಿ ಡಾಲರ್ ಆಗಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಚೆನ್ನಾಗಿ ಆಡುವ ಹೊಸ ಕ್ವಾರ್ಟರ್‌ಬ್ಯಾಕ್ ಒಬ್ಬ ಸಿಕ್ಕಿದರೆ, ನಾಲ್ಕು ವರ್ಷಗಳ ಕಾಲ ವರ್ಷಕ್ಕೆ ಹಲವು ಕೋಟಿ ಡಾಲರ್‌ಗಳು ಉಳಿದು, ಆ ಹಣದಲ್ಲಿ ಇನ್ನೂ ನಾಲ್ಕೈದು ಮುಖ್ಯ ಸ್ಥಾನಗಳಿಗೆ ನುರಿತ ಆಟಗಾರರನ್ನು ತರಬಹುದು. ಬೇರೆ ಯಾವ ಸ್ಥಾನದ ಆಟಗಾರನಿಂದಲೂ ತಂಡಕ್ಕೆ ಇಷ್ಟೊಂದು ಉಳಿತಾಯವಾಗುವುದಿಲ್ಲ. ಮೊದಲ ಸರದಿಗಳಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಿಗೆ ನೂಕುನುಗ್ಗಲು ಇರುವುದು ಮರುಳಿನಿಂದಲ್ಲ, ಈ ಲೆಕ್ಕದಿಂದ. 2024ರಲ್ಲಿ ಮೊದಲ 12 ಸರದಿಗಳಲ್ಲೇ ಆರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು.

ತೊಡಕು ಇರುವುದು ಇನ್ನೊಂದು ಕಡೆ: ಯಾರು ಚೆನ್ನಾಗಿ ಆಡುತ್ತಾರೆಂದು ಮುಂಚಿತವಾಗಿ ತಿಳಿಯುವ ಶಕ್ತಿ ಯಾವ ತಂಡಕ್ಕೂ ಅಷ್ಟಾಗಿ ಇಲ್ಲ. ಸಂಶೋಧಕರಾದ ಕೇಡ್ ಮ್ಯಾಸಿ ಮತ್ತು ಮುಂದೆ ನೊಬೆಲ್ ಪ್ರಶಸ್ತಿ ಪಡೆದ ರಿಚರ್ಡ್ ಥೇಲರ್ ಹಳೆಯ ಡ್ರಾಫ್ಟ್‌ಗಳನ್ನು ಪರಿಶೀಲಿಸಿದಾಗ, ಒಂದೇ ಸ್ಥಾನದಲ್ಲಿ ಆಡುವ ಇಬ್ಬರ ಪೈಕಿ ಮೊದಲು ಆಯ್ಕೆಯಾದವನು ಅವನ ನಂತರ ಆಯ್ಕೆಯಾದವನಿಗಿಂತ ಚೆನ್ನಾಗಿ ಆಡುವ ಸಂಭವ ಶೇ 52 ಮಾತ್ರ ಎಂದು ಕಂಡುಬಂತು. ನಾಣ್ಯ ಚಿಮ್ಮಿ ನೋಡುವುದಕ್ಕಿಂತ ಅದು ಬಹಳ ಮೇಲಲ್ಲ. ಸಂಬಳವನ್ನೂ ಆಟವನ್ನೂ ತೂಗಿ ನೋಡಿದರೆ ತಂಡಕ್ಕೆ ಅತಿ ಹೆಚ್ಚು ಲಾಭ ತರುವವು ಮೊದಲ ಸರದಿಗಳಲ್ಲ, ಎರಡನೆಯ ಸುತ್ತಿನ ಆರಂಭದ ಸುತ್ತಮುತ್ತಲಿನವು ಎಂಬುದೂ ಅವರ ತೀರ್ಮಾನವಾಗಿತ್ತು. ಆದರೆ ಆ ಅಧ್ಯಯನದ ಅಂಕಿಗಳು 2011ಕ್ಕಿಂತ ಹಿಂದಿನ ಸಂಬಳದ ಕಾಲದವು. ಮೊದಲ ಸರದಿಯ ಆಟಗಾರ ಈಗ ಎಷ್ಟೋ ಅಗ್ಗ. ಆದ್ದರಿಂದ ಎರಡನೆಯ ತೀರ್ಮಾನವನ್ನು ಇಂದಿಗೆ ಹಾಗೆಯೇ ಅನ್ವಯಿಸಲಾಗದು. ಮೊದಲನೆಯದು, ಅಂದರೆ ನಮ್ಮ ತಿಳಿವಳಿಕೆಯ ಮಿತಿಯ ಬಗೆಗಿನ ಮಾತು, ಇಂದಿಗೂ ಹಾಗೆಯೇ ನಿಲ್ಲುತ್ತದೆ.

2018ರ ಮೊದಲ ಸುತ್ತಿನಲ್ಲಿ ಐವರು ಕ್ವಾರ್ಟರ್‌ಬ್ಯಾಕ್‌ಗಳಿದ್ದರು. ಬೇಕರ್ ಮೇಫೀಲ್ಡ್ ಮೊದಲನೆಯವರು, ಸ್ಯಾಮ್ ಡಾರ್ನಲ್ಡ್ ಮೂರನೆಯವರು, ಜಾಷ್ ಆ್ಯಲೆನ್ ಏಳನೆಯವರು, ಜಾಷ್ ರೋಸೆನ್ ಹತ್ತನೆಯವರು, ಲಮಾರ್ ಜಾಕ್ಸನ್ ಸುತ್ತಿನ ಕಟ್ಟಕಡೆಯ, ಅಂದರೆ 32ನೆಯ ಆಯ್ಕೆ. ಐವರಲ್ಲಿ ಆರಿಸಿದ ತಂಡದಲ್ಲೇ ಬೇರೂರಿ ಲೀಗ್‌ನ ಅತ್ಯುತ್ತಮರ ಸಾಲಿಗೆ ಸೇರಿದವರು ಆ್ಯಲೆನ್ ಮತ್ತು ಜಾಕ್ಸನ್. ಮೂರು ವರ್ಷದ ನಂತರ, 2021ರಲ್ಲಿ, ಮತ್ತೆ ಐವರು: ಮೊದಲ ಮೂರು ಸರದಿಗಳಲ್ಲಿ ಟ್ರೆವರ್ ಲಾರೆನ್ಸ್, ಜಾಕ್ ವಿಲ್ಸನ್, ಟ್ರೇ ಲ್ಯಾನ್ಸ್, ನಂತರ ಜಸ್ಟಿನ್ ಫೀಲ್ಡ್ಸ್ ಮತ್ತು ಮ್ಯಾಕ್ ಜೋನ್ಸ್. ಮೂರೇ ವರ್ಷ ಕಳೆಯುವಷ್ಟರಲ್ಲಿ ಲಾರೆನ್ಸ್ ಒಬ್ಬರನ್ನು ಬಿಟ್ಟು ಉಳಿದ ನಾಲ್ವರೂ ಆರಿಸಿದ ತಂಡವನ್ನು ತೊರೆದಿದ್ದರು. ಇವರನ್ನು ಆರಿಸಿದ ತಂಡಗಳಲ್ಲಿ ಅನುಭವಿಗಳಿಗೇನೂ ಕೊರತೆ ಇರಲಿಲ್ಲ.

ಇಷ್ಟು ಅನಿಶ್ಚಿತತೆ ಇರುವಾಗ, ತನ್ನದೇ ಸರದಿಯಲ್ಲಿ ಒಬ್ಬನನ್ನು ಆರಿಸಿ ಸೋಲುವುದಕ್ಕೂ ಮೂರು ವರ್ಷದ ಸರದಿಗಳನ್ನು ತೆತ್ತು ಸೋಲುವುದಕ್ಕೂ ಇರುವ ಅಂತರ ಅಗಾಧ. 2020ರಲ್ಲಿ ಸಿನ್ಸಿನಾಟಿ ಬೆಂಗಲ್ಸ್ ತಂಡ ತನ್ನ ಪಾಲಿಗೆ ಬಂದ ಮೊದಲ ಸರದಿಯಲ್ಲಿ ಜೋ ಬರೋ ಅವರನ್ನು ಆರಿಸಿತು. ಅದಕ್ಕಾಗಿ ಯಾರಿಗೂ ಏನನ್ನೂ ಕೊಡಲಿಲ್ಲ. ಆ ವರ್ಷ ಬರೋ ಮಂಡಿಗೆ ತೀವ್ರ ಪೆಟ್ಟಾಗಿ ಹೊರಗುಳಿದರು, ತಂಡ ಸೋಲುತ್ತಲೇ ಹೋಯಿತು. ಆದರೆ ಮರುವರ್ಷದ ಸರದಿ ಕೈಯಲ್ಲೇ ಇದ್ದುದರಿಂದ ಐದನೆಯ ಆಯ್ಕೆಯಾಗಿ ಎಸೆದ ಚೆಂಡನ್ನು ಹಿಡಿಯುವ ಜಮಾರ್ ಚೇಸ್ ಎಂಬ ರಿಸೀವರ್‌ನನ್ನು ಅವರ ಜೊತೆಗೆ ತರಲು ಸಾಧ್ಯವಾಯಿತು, ಆ ಋತುವಿನಲ್ಲೇ ತಂಡ ಸೂಪರ್ ಬೌಲ್ ತಲುಪಿತು. ಸೋತ ವರ್ಷವೂ ಆ ತಂಡಕ್ಕೆ ಏನನ್ನೋ ಕೊಟ್ಟಿತು. ಸರದಿಯನ್ನು ಮೊದಲೇ ಮಾರಿಕೊಂಡ ತಂಡಕ್ಕೆ ಸೋಲಿನಿಂದ ಈ ಸಣ್ಣ ಪ್ರತಿಫಲವೂ ದೊರೆಯುವುದಿಲ್ಲ.

ಪ್ಯಾಂಥರ್ಸ್‌ಗೆ ಆದದ್ದು ಇದೇ. 2023ರಲ್ಲಿ ಷಿಕಾಗೊ ಬೇರ್ಸ್ ಕೈಯಲ್ಲಿದ್ದ ಮೊದಲ ಸರದಿಗೆ ಅವರು ಕೊಟ್ಟದ್ದು ಆ ವರ್ಷದ 9ನೆಯ ಮತ್ತು 61ನೆಯ ಸರದಿಗಳು, 2024ರ ಮೊದಲ ಸುತ್ತಿನ ಸರದಿ, 2025ರ ಎರಡನೆಯ ಸುತ್ತಿನ ಸರದಿ, ಜೊತೆಗೆ ತಮ್ಮ ಅತ್ಯುತ್ತಮ ರಿಸೀವರ್ ಡಿ. ಜೆ. ಮೂರ್. ಈ ಕೊನೆಯ ಅಂಶದ ಮೇಲೆ ಓದುಗರು ಸ್ವಲ್ಪ ಹೊತ್ತು ನಿಲ್ಲಬೇಕೆಂದು ನನ್ನ ಕೋರಿಕೆ. ಹೊಸ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್ ಯಾರಿಗೆ ಚೆಂಡು ಎಸೆಯಬೇಕಿತ್ತೋ ಅವರನ್ನೇ ಕೊಟ್ಟು ಯಂಗ್ ಅವರನ್ನು ತಂದರು. ಆ ಋತುವಿನಲ್ಲಿ ಯಂಗ್ 62 ಬಾರಿ ಎದುರಾಳಿಗಳಿಂದ ಸ್ಯಾಕ್ ಆದರು, ಅಂದರೆ ಚೆಂಡು ಎಸೆಯುವ ಮೊದಲೇ ನೆಲಕ್ಕೆ ಕೆಡವಲ್ಪಟ್ಟರು, ತರಬೇತುದಾರ ಫ್ರ್ಯಾಂಕ್ ರೈಕ್ 11 ಪಂದ್ಯಗಳಾದ ಮೇಲೆ ಕೆಲಸ ಕಳೆದುಕೊಂಡರು, ತಂಡ 15 ಪಂದ್ಯ ಸೋತಿತು. ಅಷ್ಟು ಸೋತದ್ದರಿಂದ 2024ರ ಮೊಟ್ಟಮೊದಲ ಸರದಿ ಪ್ಯಾಂಥರ್ಸ್ ಪಾಲಿನದಾಗಿ, ಮಾರಾಟವಾಗಿದ್ದ ಆ ಸರದಿ ನೇರವಾಗಿ ಬೇರ್ಸ್ ಕೈ ಸೇರಿತು. ಅದರಲ್ಲಿ ಅವರು ಆರಿಸಿದ್ದೇ ಕೇಲೆಬ್ ವಿಲಿಯಮ್ಸ್ ಅವರನ್ನು. ಬೇಲಿಯಿಲ್ಲದ ಹೊಲದಲ್ಲಿ ಬೆಲೆಬಾಳುವ ಸಸಿ ನೆಟ್ಟಂತಾಯಿತು. ಸಸಿಯ ತಳಿ ಒಳ್ಳೆಯದೋ ಅಲ್ಲವೋ ಎಂದು ನೋಡುವ ಅವಕಾಶವೇ ಮೊದಲ ವರ್ಷ ಸಿಗಲಿಲ್ಲ. 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ಟೆಕ್ಸನ್ಸ್ ತಂಡ ತನ್ನ ಮೊದಲ ಆಯ್ಕೆ ಡೇವಿಡ್ ಕಾರ್ ಅವರನ್ನು ಇಂಥದ್ದೇ ದುರ್ಬಲ ಆಫೆನ್ಸಿವ್ ಲೈನ್ (ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಮುಂಚೂಣಿಯ ಸಾಲು) ಹಿಂದೆ ನಿಲ್ಲಿಸಿ, ಅವರು ಒಂದೇ ಋತುವಿನಲ್ಲಿ 76 ಬಾರಿ ಸ್ಯಾಕ್ ಆಗುವುದನ್ನು ನೋಡಿತ್ತು. ಅದು ಇಂದಿಗೂ ಲೀಗ್‌ನ ದಾಖಲೆ.

ಮೇಲಕ್ಕೆ ಏರುವುದು ಯಾವಾಗಲೂ ತಪ್ಪೆಂದು ನಾನು ಹೇಳುತ್ತಿಲ್ಲ. 2017ರಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡ 27ನೆಯ ಸರದಿಯಿಂದ 10ಕ್ಕೆ ಏರಿ ಪ್ಯಾಟ್ರಿಕ್ ಮಹೋಮ್ಸ್ ಅವರನ್ನು ಆರಿಸಿತು. ಅದಕ್ಕೆ ತೆತ್ತದ್ದು 27ನೆಯ ಸರದಿ, ಅದೇ ವರ್ಷದ ಮೂರನೆಯ ಸುತ್ತಿನ ಒಂದು ಸರದಿ ಮತ್ತು ಮರುವರ್ಷದ ಮೊದಲ ಸುತ್ತಿನ ಸರದಿ. ಗಮನಿಸಬೇಕಾದದ್ದು ಆ ತಂಡ ಆಗ ಇದ್ದ ಸ್ಥಿತಿಯನ್ನು: ಹಿಂದಿನ ಋತುವಿನಲ್ಲಿ 12 ಪಂದ್ಯ ಗೆದ್ದಿತ್ತು, ನುರಿತ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಇದ್ದರು, ತರಬೇತುದಾರ ಆ್ಯಂಡಿ ರೀಡ್ ಅವರ ಸ್ಥಾನ ಭದ್ರವಾಗಿತ್ತು. ಮಹೋಮ್ಸ್ ಹೆಚ್ಚುಕಡಿಮೆ ಇಡೀ ಒಂದು ಋತು ಬದಿಯಲ್ಲಿ ನಿಂತು ಕಲಿತರು. ಮರುವರ್ಷ ಕೊಡಬೇಕಾಗಿ ಬಂದ ಸರದಿಯೂ, ತಂಡ ಗೆಲ್ಲುತ್ತಿದ್ದ ಕಾರಣ, ಸುತ್ತಿನ ಕೆಳಭಾಗದ್ದಾಗಿತ್ತು. ಮೇಲಕ್ಕೆ ಏರುವ ಹಕ್ಕು ಇರುವುದು ಹೀಗೆ ಆಗಲೇ ಕಾಲ ಮೇಲೆ ನಿಂತಿರುವ ತಂಡಕ್ಕೆ ಎಂಬುದು ನನ್ನ ಅಭಿಪ್ರಾಯ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡ ಮೂರು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನು ಕೊಟ್ಟು ಆರಿಸಿದ ಟ್ರೇ ಲ್ಯಾನ್ಸ್ ಆ ತಂಡಕ್ಕಾಗಿ ಆರಂಭದಿಂದ ಆಡಿದ್ದು ನಾಲ್ಕೇ ಪಂದ್ಯ. 2023ರಲ್ಲಿ ಕೇವಲ ನಾಲ್ಕನೆಯ ಸುತ್ತಿನ ಒಂದು ಸರದಿಗೆ ಅವರನ್ನು ಡಲ್ಲಾಸ್‌ಗೆ ಕೊಡಲಾಯಿತು. ಆದರೂ ಆ ತಂಡ ಅದೇ ಋತುವಿನಲ್ಲಿ ಸೂಪರ್ ಬೌಲ್ ತಲುಪಿತು, ಏಕೆಂದರೆ ಉಳಿದ ತಂಡ ಗಟ್ಟಿಯಾಗಿತ್ತು ಮತ್ತು 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೆಯ ಆಯ್ಕೆಯಾದ ಬ್ರಾಕ್ ಪರ್ಡಿ ಎಲ್ಲರ ನಿರೀಕ್ಷೆ ಮೀರಿ ಆಡಿದರು. ದುರ್ಬಲ ತಂಡವೊಂದು ಇದೇ ನಷ್ಟ ಅನುಭವಿಸಿದ್ದರೆ ಚೇತರಿಸಿಕೊಳ್ಳಲು ವರ್ಷಗಳೇ ಬೇಕಾಗುತ್ತಿದ್ದವು.

ಇನ್ನು ಹಿಂದೆ ಸರಿಯುವ ದಾರಿ. ಅದು ಕೇಳಲು ವಿವೇಕದ ಮಾತಿನಂತಿರುತ್ತದೆ, ಲೆಕ್ಕದ ಹಾಳೆಯಲ್ಲೂ ಚೆನ್ನಾಗಿ ಕಾಣುತ್ತದೆ. ತೊಂಬತ್ತರ ದಶಕದ ಆರಂಭದಲ್ಲಿ ಜಿಮ್ಮಿ ಜಾನ್ಸನ್ ತರಬೇತುದಾರರಾಗಿದ್ದಾಗ ಡಲ್ಲಾಸ್ ತಂಡ ರೂಪಿಸಿದ ಮೌಲ್ಯಪಟ್ಟಿಯಲ್ಲಿ ಮೊದಲ ಸರದಿಗೆ 3000 ಅಂಕ, ಹತ್ತನೆಯದಕ್ಕೆ 1300 ಅಂಕ. ಈ ಬಗೆಯ ಪಟ್ಟಿಗಳನ್ನು ಮುಂದಿಟ್ಟುಕೊಂಡೇ ತಂಡಗಳು ಚೌಕಾಸಿ ಮಾಡುತ್ತಾ ಬಂದಿವೆ. ಕ್ವಾರ್ಟರ್‌ಬ್ಯಾಕ್‌ಗಾಗಿ ಹಸಿದ ತಂಡ ಪಟ್ಟಿಯ ಬೆಲೆಗಿಂತ ಹೆಚ್ಚು ಕೊಡುತ್ತದೆ, ಆದ್ದರಿಂದ ಮಾರುವವನಿಗೆ ಲಾಭ. ಆದರೆ ಲಾಭವಾಗಿ ಬಂದ ಸರದಿಗಳು ಆಟಗಾರರಾಗಿ ಬದಲಾಗಬೇಕು, ಆ ಆಟಗಾರರಿಗೆ ಚೆಂಡು ಕೊಡುವವನೊಬ್ಬ ಬೇಕು.

2012ರಲ್ಲಿ ರ್‍ಯಾಮ್ಸ್ ತಂಡ ಎರಡನೆಯ ಸರದಿಯನ್ನು ವಾಷಿಂಗ್ಟನ್‌ಗೆ ಬಿಟ್ಟುಕೊಟ್ಟು ಮೂರು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನೂ ಎರಡನೆಯ ಸುತ್ತಿನ ಒಂದನ್ನೂ ಪಡೆಯಿತು. ವಾಷಿಂಗ್ಟನ್ ಆರಿಸಿದ ರಾಬರ್ಟ್ ಗ್ರಿಫಿನ್ ಮೊದಲ ವರ್ಷ ಮಿಂಚಿ, ಪ್ಲೇಆಫ್ ಪಂದ್ಯದಲ್ಲಿ ಮಂಡಿಗೆ ಪೆಟ್ಟಾದ ಮೇಲೆ ಮತ್ತೆ ಹಾಗೆ ಆಡಲಿಲ್ಲ. 2014ರ ಡಿಸೆಂಬರ್‌ನಲ್ಲಿ ಈ ಎರಡು ತಂಡಗಳು ಎದುರಾದಾಗ, ಆ ವಿನಿಮಯದಿಂದ ಬಂದ ಆಟಗಾರರನ್ನೇ ರ್‍ಯಾಮ್ಸ್ ತಂಡ ನಾಯಕರನ್ನಾಗಿ ಟಾಸ್‌ಗೆ ಕಳುಹಿಸಿತು ಮತ್ತು 24-0 ಅಂತರದಲ್ಲಿ ಗೆದ್ದಿತು. ಈ ಕಥೆಯನ್ನು ಹಿಂದೆ ಸರಿಯುವುದರ ಜಾಣತನಕ್ಕೆ ಸಾಕ್ಷಿಯಾಗಿ ಹೇಳುವವರು ಮುಂದಿನದನ್ನು ಹೇಳುವುದಿಲ್ಲ. 2012ರಿಂದ 2015ರವರೆಗಿನ ನಾಲ್ಕು ಋತುಗಳಲ್ಲಿ ಒಂದರಲ್ಲೂ ರ್‍ಯಾಮ್ಸ್ ಸೋತದ್ದಕ್ಕಿಂತ ಹೆಚ್ಚು ಪಂದ್ಯ ಗೆಲ್ಲಲಿಲ್ಲ. ಅವರು ನೆಚ್ಚಿಕೊಂಡಿದ್ದ ಬ್ರಾಡ್‌ಫರ್ಡ್ ಪದೇ ಪದೇ ಗಾಯಗೊಂಡರು, ಬದಲಿಗೆ ಬೇರೊಬ್ಬರು ಸಿದ್ಧವಿರಲಿಲ್ಲ. ಕೊನೆಗೆ 2016ರಲ್ಲಿ ಅದೇ ತಂಡ ದೊಡ್ಡ ಬೆಲೆ ತೆತ್ತು 15ರಿಂದ ಮೊದಲ ಸರದಿಗೆ ಏರಿ ಜ್ಯಾರೆಡ್ ಗಾಫ್ ಅವರನ್ನು ಆರಿಸಬೇಕಾಯಿತು. ಅದೇ ವರ್ಷ ಎರಡನೆಯ ಸರದಿಯನ್ನು ಫಿಲಡೆಲ್ಫಿಯಾಗೆ ಮಾರಿದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಸರದಿಗಳ ರಾಶಿಯನ್ನೇ ಕೂಡಿಹಾಕಿ, ಮುಂದಿನ ಎರಡು ಋತುಗಳ 32 ಪಂದ್ಯಗಳಲ್ಲಿ ಒಂದೇ ಒಂದನ್ನು ಗೆದ್ದಿತು.

ಹಾಗಾದರೆ ಹಿಂದೆ ಸರಿದು ಗೆದ್ದವರು ಯಾರು? ಗಾಫ್‌ಗಾಗಿ ಮೊದಲ ಸರದಿಯನ್ನು ಮಾರಿದ ಟೆನೆಸಿ ಟೈಟನ್ಸ್ ಅಂಥವರು. ಹಿಂದಿನ ವರ್ಷವಷ್ಟೇ ಅವರು ಮಾರ್ಕಸ್ ಮರಿಯೋಟಾ ಅವರನ್ನು ಆರಿಸಿದ್ದರು, ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಅವರಿಗೆ ಬೇಕಿರಲಿಲ್ಲ. ರ್‍ಯಾಮ್ಸ್‌ನಿಂದ ಬಂದ 45ನೆಯ ಸರದಿಯಲ್ಲಿ ಸಿಕ್ಕಿದ ಡೆರಿಕ್ ಹೆನ್ರಿ 2020ರ ಋತುವಿನಲ್ಲಿ ಚೆಂಡು ಹಿಡಿದು 2,027 ಗಜ ಓಡಿದರು. ಇನ್ನೂ ಹಿಂದೆ, 2001ರಲ್ಲಿ, ಸ್ಯಾನ್ ಡಿಯಾಗೊ ಚಾರ್ಜರ್ಸ್ ಮೊದಲ ಸರದಿಯನ್ನು ಅಟ್ಲಾಂಟಾ ತಂಡಕ್ಕೆ ಕೊಟ್ಟರು. ಅಟ್ಲಾಂಟಾ ಕ್ವಾರ್ಟರ್‌ಬ್ಯಾಕ್ ಮೈಕೆಲ್ ವಿಕ್ ಅವರನ್ನು ಆರಿಸಿತು. ಚಾರ್ಜರ್ಸ್ ಐದನೆಯ ಸರದಿಯಲ್ಲಿ ಚೆಂಡು ಹಿಡಿದು ಓಡುವ ಲಡೇನಿಯನ್ ಟಾಮ್ಲಿನ್ಸನ್ ಅವರನ್ನೂ ಎರಡನೆಯ ಸುತ್ತಿನ ಮೊದಲಲ್ಲೇ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ಅವರನ್ನೂ ಪಡೆದರು. ಬಫಲೊ ಬಿಲ್ಸ್ ಕಥೆಯೂ ಇಲ್ಲಿ ಸೇರುತ್ತದೆ. ಮಹೋಮ್ಸ್‌ಗಾಗಿ ಚೀಫ್ಸ್‌ಗೆ ಸರದಿ ಬಿಟ್ಟುಕೊಟ್ಟವರು ಅವರೇ. ಮೇಲ್ನೋಟಕ್ಕೆ ಅದು ಮಹಾ ಪ್ರಮಾದ. ಆದರೆ ಮರುವರ್ಷವೇ ಅವರು ಕೂಡಿಟ್ಟದ್ದನ್ನು ಬಳಸಿ ಮೇಲಕ್ಕೆ ಏರಿ ಜಾಷ್ ಆ್ಯಲೆನ್ ಅವರನ್ನು ಆರಿಸಿದರು. ಮೂರೂ ತಂಡಗಳು ಸರದಿ ಮಾರುವಾಗ ಅವರ ಕೈಯಲ್ಲಿ ಕ್ವಾರ್ಟರ್‌ಬ್ಯಾಕ್ ಇದ್ದ, ಇಲ್ಲವೇ ಬೇಗನೆ ಒಬ್ಬನನ್ನು ಆರಿಸಲು ಬೇಕಾದ ಸರದಿಗಳಿದ್ದವು.

ಹೆಸರಾಂತ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ 199ನೆಯ ಆಯ್ಕೆ, ಪರ್ಡಿ 262ನೆಯವರು, ಆದ್ದರಿಂದ ಕಾದರೂ ಸಿಗುತ್ತಾರೆ ಎಂಬ ವಾದವನ್ನು ನೀವು ಕೇಳಿರಬಹುದು. ಅವರನ್ನು ಆರಿಸಿದ ತಂಡಗಳಿಗೂ ಅವರು ಹಾಗೆ ಆಡುವರೆಂಬ ಅರಿವಿರಲಿಲ್ಲ. ಇದ್ದಿದ್ದರೆ ಅಷ್ಟು ಹೊತ್ತು ಯಾರೂ ಕಾಯುತ್ತಿರಲಿಲ್ಲ. ಅದೃಷ್ಟವನ್ನು ಯೋಜನೆಯೆಂದು ಕರೆಯಲಾಗದು. ಆದರೆ ಎರಡನೆಯ ಮತ್ತು ಮೂರನೆಯ ಸುತ್ತುಗಳ ಮಾತು ಬೇರೆ. ಸಿಯಾಟಲ್‌ನ ರಸೆಲ್ ವಿಲ್ಸನ್ 75ನೆಯವರು, ಫಿಲಡೆಲ್ಫಿಯಾದ ಜೇಲನ್ ಹರ್ಟ್ಸ್ 53ನೆಯವರು, ಇಬ್ಬರೂ ಆರಿಸಿದ ತಂಡಕ್ಕೇ ಸೂಪರ್ ಬೌಲ್ ಗೆದ್ದುಕೊಟ್ಟರು. ಹಿಂದೆ ಸರಿಯುವ ತಂಡ ಈ ಸುತ್ತುಗಳಲ್ಲಿ ಪ್ರತಿ ವರ್ಷವೂ ಒಬ್ಬನನ್ನು ಪರೀಕ್ಷಿಸಿ ನೋಡಲು ಸಿದ್ಧವಿರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಗ್ರಿಫಿನ್ ಅವರನ್ನು ಆರಿಸಿದ ಡ್ರಾಫ್ಟ್‌ನಲ್ಲೇ ವಾಷಿಂಗ್ಟನ್ ನಾಲ್ಕನೆಯ ಸುತ್ತಿನಲ್ಲಿ ಕರ್ಕ್ ಕಸಿನ್ಸ್ ಅವರನ್ನೂ ಆರಿಸಿತ್ತು. ಆಗ ಅದು ವ್ಯರ್ಥವೆಂದು ಟೀಕೆ ಬಂತು. ಗ್ರಿಫಿನ್ ನಂತರ ತಂಡವನ್ನು ವರ್ಷಗಳ ಕಾಲ ನಡೆಸಿದವರು ಕಸಿನ್ಸ್.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಕ್ವಾರ್ಟರ್‌ಬ್ಯಾಕ್ ಇಲ್ಲದ ತಂಡಕ್ಕೆ ತನ್ನದೇ ಸರದಿಯಲ್ಲಿ ತಾನು ನಿಜವಾಗಿ ನಂಬುವ ಒಬ್ಬ ಸಿಕ್ಕರೆ ಆರಿಸಲೇಬೇಕು, ಎಷ್ಟೇ ಆಕರ್ಷಕ ಬೆಲೆ ಬಂದರೂ ಮಾರಬಾರದು. ಆ ನಂಬಿಕೆ ಇಲ್ಲದಿದ್ದರೆ, ಅಭಿಮಾನಿಗಳ ಒತ್ತಡಕ್ಕೋ ಮಾಲೀಕರ ಅವಸರಕ್ಕೋ ಮಣಿದು ಆರಿಸುವುದಕ್ಕಿಂತ ಹಿಂದೆ ಸರಿದು ಮರುವರ್ಷದ ಮೊದಲ ಸುತ್ತಿನ ಸರದಿಯೊಂದನ್ನು ಪಡೆಯುವುದು ಮೇಲು. ಆಫೆನ್ಸಿವ್ ಲೈನ್ ಗಟ್ಟಿಯಿಲ್ಲದ, ರಿಸೀವರ್‌ಗಳಿಲ್ಲದ ತಂಡ ಭವಿಷ್ಯದ ಸರದಿಗಳನ್ನು ತೆತ್ತು ಮೇಲಕ್ಕೆ ಏರುವುದನ್ನು ಮಾತ್ರ ನಾನು ಯಾವ ಸಂದರ್ಭದಲ್ಲೂ ಒಪ್ಪಲಾರೆ.

ಎಷ್ಟು ಕಾಲ ಕಾಯಬೇಕು ಎಂಬುದಕ್ಕೆ ಲೀಗ್‌ನ ನಿಯಮವೇ ಒಂದು ಗಡುವು ಕೊಟ್ಟಿದೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನ ನಾಲ್ಕು ವರ್ಷದ ಒಪ್ಪಂದವನ್ನು ಐದನೆಯ ವರ್ಷಕ್ಕೆ ವಿಸ್ತರಿಸಬೇಕೇ ಎಂಬುದನ್ನು ತಂಡ ಮೂರನೆಯ ಋತು ಮುಗಿದ ನಂತರದ ವಸಂತದಲ್ಲಿ ತೀರ್ಮಾನಿಸಬೇಕು. ಹಾಗಾಗಿ ಕೈಯಲ್ಲಿರುವುದು ಮೂರು ಋತು, ಅದರಲ್ಲೂ ಮೊದಲನೆಯದರಿಂದ ಹೆಚ್ಚೇನೂ ತಿಳಿಯುವುದಿಲ್ಲ. 2024ರಲ್ಲಿ ಎರಡೇ ಪಂದ್ಯಗಳ ನಂತರ ಯಂಗ್ ಅವರನ್ನು ಕೂರಿಸಿ ಹಿರಿಯರಾದ ಆ್ಯಂಡಿ ಡಾಲ್ಟನ್ ಅವರನ್ನು ಆಡಿಸಲಾಯಿತು. ಡಾಲ್ಟನ್ ಗಾಯಗೊಂಡಾಗ ಮರಳಿದ ಯಂಗ್ ಮೊದಲಿಗಿಂತ ಸ್ಪಷ್ಟವಾಗಿ ಉತ್ತಮವಾಗಿ ಆಡಿದರು. 2018ರಲ್ಲಿ ಆರಿಸಿದ ನ್ಯೂಯಾರ್ಕ್ ಜೆಟ್ಸ್ ತಂಡ ಕೈಬಿಟ್ಟ ಡಾರ್ನಲ್ಡ್, ಅದೇ 2024ರಲ್ಲಿ ಮಿನೆಸೋಟ ವೈಕಿಂಗ್ಸ್ ತಂಡದೊಂದಿಗೆ 14 ಪಂದ್ಯ ಗೆದ್ದರು. ಆಟಗಾರನ ಸುತ್ತಲಿನ ತಂಡ ಬದಲಾದಾಗ ಆಟವೂ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ. ಹಾಗೆಂದು ಕಾಯುವುದು ಕಡ್ಡಾಯವೂ ಅಲ್ಲ. 2018ರಲ್ಲಿ ಜಾಷ್ ರೋಸೆನ್ ಅವರನ್ನು ಆರಿಸಿದ ಅರಿಝೋನಾ ಕಾರ್ಡಿನಲ್ಸ್ ಒಂದೇ ವರ್ಷದಲ್ಲಿ ಮೊದಲ ಸರದಿ ತಮ್ಮ ಪಾಲಿಗೆ ಬಂದಾಗ, ಹಿಂದಿನ ಆಯ್ಕೆಯ ಮುಖ ನೋಡದೆ ಕೈಲರ್ ಮರೆ ಅವರನ್ನು ಆರಿಸಿ, ರೋಸೆನ್ ಅವರನ್ನು ಮಯಾಮಿಗೆ ಕಳುಹಿಸಿದರು. ಅವರಿಗೆ ಅದು ಸಾಧ್ಯವಾದದ್ದು, ಸೋತ ವರ್ಷದ ಸರದಿ ಅವರ ಕೈಯಲ್ಲೇ ಉಳಿದಿದ್ದರಿಂದ.